ಹತ್ತು ನಲವತ್ತೆರಡಕ್ಕೆ ಹೆರಿಗೆ ಮಾಡಿಸ್ತೀರಾ?

"ಗುರುವಾರ ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ ಹೆರಿಗೆ ಮಾಡಿಸಬೇಕಿತ್ತು. ಆಗುತ್ತಾ?"

ಫೋನಿನಲ್ಲಿ ಹೀಗೆ ಕೇಳಿದವಳು ನಾನೇ. ನಗಬೇಡಿ. ಆಚೆ ಕಡೆಯಿದ್ದ ರಿಸೆಪ್ಷನ್ ಹುಡುಗಿಯೂ ನಗಲಿಲ್ಲ. ಏನೋ ಟೈಪ್ ಮಾಡಿ ನೋಡಿದಳು.

"ಆ ಟೈಮಿಗೆ ಆಗಲೇ ಇಬ್ರು ಇದಾರೆ ಮೇಡಂ. ಹನ್ನೊಂದು ಇಪ್ಪತ್ತಾದ್ರೆ ನಡೆಯುತ್ತಾ?"

ಫೋನಿಗೆ ಕೈ ಅಡ್ಡ ಹಿಡಿದು ನಮ್ಮನೆಯವರನ್ನು ಕೇಳಿದೆ. ಅವರು ಕೈಯಲ್ಲಿದ್ದ ಚೀಟಿ ನೋಡಿ, "ಛೆ, ಅಷ್ಟೊತ್ತಿಗೆ ಲಗ್ನ ಬದಲಾಗಿಬಿಡುತ್ತೆ. ಹತ್ತು ಐವತ್ತೆಂಟರೊಳಗೆ ಮುಗೀಬೇಕು" ಎಂದರು.

ಹದಿನಾರು ನಿಮಿಷ. ಅಷ್ಟರಲ್ಲಿ ನಮ್ಮ ಮೊಮ್ಮಗು ಭೂಮಿಗೆ ಬರಬೇಕು. ತಡವಾದರೆ ಜಾತಕ ಕೆಡುತ್ತದೆ.

ಮಗಳು ನಯನಾ ಭದ್ರಾವತಿಯ ಸೊಸೆ, ಅಲ್ಲೇ ಬ್ಯಾಂಕಿನಲ್ಲಿ ಕೆಲಸ. ಚೊಚ್ಚಲ ಹೆರಿಗೆ ತವರಲ್ಲೇ ಆಗಲಿ ಎಂದು ಶಿವಮೊಗ್ಗದ ಹೊಸಮನೆಗೆ, ಅಂದರೆ ನಮ್ಮ ಮನೆಗೆ, ಕರೆದುಕೊಂಡು ಬಂದಿದ್ದೆವು. ನಮ್ಮನೆಯವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಪ್ರತಿ ಲೆಕ್ಕಕ್ಕೂ ಒಂದೇ ಸರಿಯುತ್ತರ ಎಂದು ನಂಬಿದವರು. ಜೋಯಿಸರ ಹತ್ತಿರ ಹೋಗಿ ಉತ್ತರ ಬರೆಸಿಕೊಂಡು ಬಂದಿದ್ದರು. ಅದಕ್ಕೆ ಹೊಂದುವ ಆಸ್ಪತ್ರೆ ಹುಡುಕುವುದಷ್ಟೇ ಬಾಕಿ.

ಬೇರೆಯವರು ಏನು ನೋಡುತ್ತಾರೆ? ಡಾಕ್ಟರ್ ಹೇಗೆ, ರಕ್ತ ಬೇಕಾದರೆ ಸಿಗುತ್ತಾ, ಮಗುವಿಗೆ ತೊಂದರೆಯಾದರೆ ವ್ಯವಸ್ಥೆ ಇದೆಯಾ. ನಾವು ನೋಡಿದ್ದು, ಹೊಟ್ಟೆ ಕೊಯ್ಯುವವರ ಗಡಿಯಾರ ಸರಿ ಇದೆಯಾ ಎಂದು!

ನಯನಾ ತಿಂಗಳುಗಟ್ಟಲೆ ತೋರಿಸಿಕೊಂಡಿದ್ದು ಭದ್ರಾವತಿಯ ಸಣ್ಣ ನರ್ಸಿಂಗ್ ಹೋಮಿನ ಲೇಡಿ ಡಾಕ್ಟರಿಗೆ. ನಮ್ಮನೆಯವರು ಚೀಟಿ ಹಿಡಿದು ಅಲ್ಲಿಗೂ ಹೋಗಿದ್ದರು. ಆಕೆ ಚೀಟಿಯನ್ನು ಪೂರ್ತಿ ಓದಿ, ಮಡಿಸಿ, ವಾಪಸು ಕೊಟ್ಟರಂತೆ. "ಯಜಮಾನ್ರೇ, ಎಲ್ಲಾ ನಾರ್ಮಲ್ ಇದೆ. ನಿಮ್ಮ ಮಗಳಿಗೆ ನೋವು ಬಂದಾಗ ನಾನಿರ್ತೀನಿ. ಪಂಚಾಂಗಕ್ಕೆ ನೋವು ಬರಲ್ಲ."

ಅಲ್ಲಿಗೆ ಆ ಆಸ್ಪತ್ರೆ ಇವರ ಪಟ್ಟಿಯಿಂದ ಔಟ್. ಮೂರನೇ ಫೋನಿಗೆ ಶಿವಮೊಗ್ಗದ ಇನ್ನೊಂದು ಕಡೆ ಆ ಹದಿನಾರು ನಿಮಿಷ ಸಿಕ್ಕಿಯೂಬಿಟ್ಟಿತು.

ಅವತ್ತು ಸಂಜೆ ನಯನಾ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು. ಅವರೆಕಾಳು ಹಿಸುಕುತ್ತಾ ಮೆಲ್ಲಗೆ ಹೇಳಿದಳು. "ಅಮ್ಮಾ, ಆಪರೇಷನ್ ಬೇಕು ಅಂದ್ರೆ ಮಾಡಿಸ್ಕೋತೀನಿ, ಹೆದರಲ್ಲ. ಬೇಡದೇ ಇದ್ರೂ ಯಾಕೆ ಕೊಯ್ಸಿಕೊಳ್ಳಲಿ? ಹೊಟ್ಟೆ ನಂದಲ್ವಾ? ಒಬ್ರೂ ನನ್ನ ಕೇಳಲಿಲ್ಲ. ನೀನೂ ಕೇಳಲಿಲ್ಲ."

ಕೊನೆಯ ಮಾತು ಚುಚ್ಚಿತು. ಇವಳನ್ನು ಹೆರುವಾಗ ನನಗೂ ಆಪರೇಷನ್ನೇ ಆಗಿತ್ತು. ಬೇಕಿತ್ತು, ಮಾಡಿದರು, ಇಬ್ಬರೂ ಉಳಿದೆವು. ಆಗ ಯಾರೂ ಗಡಿಯಾರ ನೋಡಿರಲಿಲ್ಲ.

ಊಟಕ್ಕೆ ಕೂತಾಗ ನಯನಾ ಅಪ್ಪನನ್ನು ಕೇಳಿದಳು. "ಅಪ್ಪಾ, ನೀವು ಹುಟ್ಟಿದ ಟೈಮ್ ಎಷ್ಟು?"

ಇವರು ತಡಬಡಾಯಿಸಿದರು. ಇಷ್ಟು ವರ್ಷ ಬಾಯಿ ಬಿಡದೆ ಕಾದಿದ್ದೇ ಇದಕ್ಕೋ ಎಂಬಂತೆ ನಾನು ಹೇಳಿಬಿಟ್ಟೆ. "ಹಾಲು ಕರೆಯೋ ಹೊತ್ತು ಅಂತಿದ್ರು ಅತ್ತೆ. ಬೆಳಗಿಂದೋ ಸಂಜೇದೋ ಅವರಿಗೇ ನೆನಪಿರಲಿಲ್ಲ. ಜಾತಕ ಬರೆಸಿದ್ದು ಮದುವೆ ಮಾತು ಬಂದಾಗ, ಅಂದಾಜಿನ ಮೇಲೆ."

(ಆ ಅಂದಾಜಿನ ಜಾತಕಕ್ಕೆ ನನ್ನದು ಮೂವತ್ತಾರರಲ್ಲಿ ಮೂವತ್ತು ಗುಣ ಕೂಡಿತ್ತು! ಉಳಿದ ಆರು ಯಾವುದೆಂದು ಮದುವೆಯಾದ ಮೇಲೆ ಗೊತ್ತಾಯಿತು.)

ನಯನಾ ನಕ್ಕಳು. ಇವರು ನಗಲಿಲ್ಲ. "ಆ ಕಾಲವೇ ಬೇರೆ" ಎಂದು ಮಜ್ಜಿಗೆ ಸುರಿದುಕೊಂಡರು.

ಸೋಮವಾರ ಅಳಿಯ ಮಂಜುನಾಥ ಕಾರು ತಂದ. "ಚೆಕಪ್‌ಗೆ ಹೋಗ್ಬರ್ತೀವಿ ಮಾವ" ಎಂದ. ಚೆಕಪ್ಪಿಗೆ ಹೋಗುವವರ ಜೊತೆ ಹಳೇ ಕಾಟನ್ ಸೀರೆ, ಮಗುವಿನ ಟೋಪಿ, ಫ್ಲಾಸ್ಕು ತುಂಬಿದ ಬ್ಯಾಗು ಯಾಕೆ ಹೋಗುತ್ತದೆ? ಇವರು ಕೇಳಲಿಲ್ಲ. ಪ್ಯಾಕ್ ಮಾಡಿದ ನಾನೂ ಹೇಳಲಿಲ್ಲ.

ಸಂಜೆ ಭದ್ರಾವತಿಯಿಂದ ನಯನಾಳ ಫೋನು. "ಅಪ್ಪಾ, ನಾನಿಲ್ಲೇ ಇರ್ತೀನಿ, ನಮ್ಮ ಡಾಕ್ಟರ ಹತ್ರನೇ ಹೆರಿಗೆ ಮಾಡಿಸ್ಕೋತೀನಿ. ಆಪರೇಷನ್ ಬೇಕಾಗಿ ಬಂದ್ರೆ ಇಲ್ಲೂ ಮಾಡ್ತಾರೆ. ಅರಿವಳಿಕೆ ಡಾಕ್ಟರು ಹತ್ತು ನಿಮಿಷದಲ್ಲಿ ಬರ್ತಾರಂತೆ, ರಕ್ತದ ವ್ಯವಸ್ಥೆನೂ ಇದೆ. ಎಲ್ಲಾ ಕೇಳ್ಕೊಂಡಿದೀನಿ." ನಾವಿಬ್ಬರು ಕೇಳಬೇಕಾದ್ದನ್ನೆಲ್ಲ ಅವಳು ಕೇಳಿ ಮುಗಿಸಿದ್ದಳು.

ಇವರು ಮಂಗಳವಾರ ಪೂರ್ತಿ ನನ್ನ ಜೊತೆ ಮಾತು ಬಿಟ್ಟರು. (ಮನೆ ಎಷ್ಟು ಶಾಂತವಾಗಿತ್ತು ಅಂತೀರಿ!)

ಬುಧವಾರ ಬೆಳಿಗ್ಗೆ ನೋವು ಶುರುವಾಯಿತೆಂದು ಮಂಜು ಫೋನ್ ಮಾಡಿದ. ಬಸ್ಸು ಹಿಡಿದು ಭದ್ರಾವತಿ ತಲುಪಿದಾಗ ಹನ್ನೊಂದು. ಲೇಬರ್ ರೂಮಿನ ಹೊರಗೆ ಇವರು ಶತಪಥ ಹಾಕತೊಡಗಿದರು. "ಹನ್ನೆರಡರೊಳಗೆ ಆಗಿಬಿಡಲಪ್ಪ."

ಹನ್ನೆರಡಾಯಿತು. ಬುಧವಾರದ ರಾಹುಕಾಲ ಶುರು.

"ಲೇ, ಒಂದೂವರೆವರೆಗೆ ಸ್ವಲ್ಪ ತಡ್ಕೋ ಅಂತ ಅವಳಿಗೆ ಹೇಳೇ."

"ನೀವೇ ಒಳಗೆ ಹೋಗಿ ಹೇಳಿ."

ಅಷ್ಟರಲ್ಲಿ ಒಳಗಿಂದ ನಯನಾಳ ಕೂಗು ಕೇಳಿಸಿತು. ಇವರು ನಿಂತಲ್ಲೇ ನಿಂತರು. ನನ್ನ ಪಕ್ಕ ಬಂದು ಕೂತು, ಮದುವೆಯಾದ ಹೊಸದರಲ್ಲೂ ಹಿಡಿಯದಷ್ಟು ಗಟ್ಟಿಯಾಗಿ ನನ್ನ ಕೈ ಹಿಡಿದರು. "ಯಾವ ಕಾಲನಾದ್ರೂ ಆಗ್ಲಿ. ಅವಳು ಹುಷಾರಾಗಿರ್ಲಿ ಸಾಕು."

ಒಂದು ಗಂಟೆ ಹತ್ತು ನಿಮಿಷಕ್ಕೆ, ರಾಹುಕಾಲ ಇನ್ನೂ ಇಪ್ಪತ್ತು ನಿಮಿಷ ಬಾಕಿಯಿರುವಾಗಲೇ, ಮೊಮ್ಮಗಳು ಬಂದಳು. ನಾರ್ಮಲ್. ತಾಯಿ, ಮಗು ಇಬ್ಬರೂ ಕ್ಷೇಮ. ಬಟ್ಟೆಯಲ್ಲಿ ಸುತ್ತಿ ತಂದ ಮಗುವನ್ನು ಇಸಿದುಕೊಂಡ ಇವರು ಟೈಮ್ ಕೇಳಲೇ ಇಲ್ಲ. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಮಂಜುವೇ ಕರ್ಚೀಫು ಕೊಟ್ಟ.

ಸಂಜೆ ಮಾತ್ರ ತಡೆಯಲಾರದೆ ಜೋಯಿಸರಿಗೆ ಫೋನ್ ಹಚ್ಚಿದರು. ಅವರು ಸ್ವಲ್ಪ ಹೊತ್ತು ಗುಣಾಕಾರ ಮಾಡಿ ಹೇಳಿದರಂತೆ. "ತಾನಾಗೇ ಬಂದ ಮಗುಗೆ ರಾಹುಕಾಲ ಬಾಧಿಸಲ್ಲ ಸ್ವಾಮಿ. ಇದು ಇನ್ನೂ ಒಳ್ಳೇ ಲಗ್ನ!"

ಮೊನ್ನೆ ಮಗು ನೋಡಲು ಪಕ್ಕದ ಬೀದಿಯ ದಂಪತಿ ಬಂದಿದ್ದರು. ಅವರ ಮಗಳಿಗೂ ಈಗ ಏಳು ತಿಂಗಳು. "ಯಾವ ಆಸ್ಪತ್ರೆ ಒಳ್ಳೇದು ಮೇಷ್ಟ್ರೇ?" ಎಂದು ಇವರನ್ನೇ ಕೇಳಿದರು.

ಇವರು ಮೊಮ್ಮಗಳನ್ನು ತಟ್ಟುತ್ತಾ, ಹುಟ್ಟಿದಾಗಿಂದ ಇದೇ ಪಾಠ ಮಾಡಿಕೊಂಡು ಬಂದವರಂತೆ ಗಂಭೀರವಾಗಿ ಹೇಳಿದರು. "ನನ್ನನ್ನ ಯಾಕೆ ಕೇಳ್ತೀರಿ ಮಾರಾಯ್ರೇ? ಮೊದಲು ನಿಮ್ಮ ಮಗಳನ್ನ ಕೇಳಿ."

ಇಷ್ಟು ಸಣ್ಣ ಉತ್ತರ ಹೊಳೆಯಲು ಒಬ್ಬ ಲೆಕ್ಕದ ಮೇಷ್ಟ್ರು ಅಜ್ಜನೇ ಆಗಬೇಕಿತ್ತೇ?