ಗೇಮಿನ ಫೋರಂಗೆ ಬಂದ ಅರ್ಜಿ

ಅಮೆರಿಕದ ರಿಸೆಷನ್ನಿನಲ್ಲಿ ಪ್ಲಿಮತ್ತಿನ ಕಾರು ಬಿಡಿಭಾಗದ ಕಂಪನಿ ನನ್ನನ್ನು ಮನೆಗೆ ಕಳಿಸಿದ ಮೇಲೆ, ಸೌತ್‌ಫೀಲ್ಡಿನ ಒಂದು ಆಫೀಸಿನಲ್ಲಿ ವಿಡಿಯೋ ಗೇಮ್ ಒಂದರ ಆನ್‌ಲೈನ್ ಫೋರಂ ಕಾಯುವ ಕೆಲಸ ಸಿಕ್ಕಿತು. ಆಡುವವರು ಅಲ್ಲಿ ಬಂದು ಬರೆಯುತ್ತಿದ್ದರು. ನಿಯಮ ಮೀರಿದ್ದನ್ನು ನಾನು ಅಳಿಸಬೇಕು. ಎಂಜಿನಿಯರಿಂಗ್ ಓದಿ ಕಂಡವರ ಬಾಯಿ ತೊಳೆಯುವ ಚಾಕರಿ.

ಆ ಗೇಮಿನಲ್ಲಿ ಗ್ಯಾಸ್ ಸ್ಟೇಷನ್ನಿನ, ಅಂದರೆ ಅಂಗಡಿಯೂ ಇರುವ ಪೆಟ್ರೋಲ್ ಬಂಕಿನ, ಮಾಲೀಕನೊಬ್ಬನಿದ್ದ. ನಮ್ಮವರ ಮೈಬಣ್ಣ, ನಮ್ಮವರ ಇಂಗ್ಲಿಷಿನ ಕೆಟ್ಟ ಅಣಕ. ಅವನನ್ನು ಒದ್ದು ಸುಟ್ಟರೆ ಹೆಚ್ಚಿನ ಅಂಕ. ಇದು ಸರಿಯೇ ಎಂದು ದಿನವಿಡೀ ಚರ್ಚೆ. ಚರ್ಚೆ ಎನ್ನುವುದು ನನ್ನ ಔದಾರ್ಯ. ವಾಕ್‌ಸ್ವಾತಂತ್ರ್ಯಕ್ಕಾಗಿ ಕಿರುಚುವ ಗಡ್ಡ ಬಂದ ಕೂಸುಗಳು ಒಂದು ಕಡೆ. ಗೇಮನ್ನು ಕಣ್ಣಲ್ಲಿ ಕಾಣದೆಯೇ ದೇಶ ಕೆಟ್ಟಿತೆಂದು ಗೋಳಾಡುವವರು ಇನ್ನೊಂದು ಕಡೆ. ಇಬ್ಬರೂ ನನಗೆ ಕಾಲಕಸಕ್ಕಿಂತ ಕಡೆ. ಮ್ಯಾನೇಜರಂತೂ ಇಬ್ಬರಿಗಿಂತ ಅಧ್ವಾನ. ಬೈದಾಟವಿದ್ದರೆ ಜನ ಸೇರುತ್ತಾರೆ, ಇರಲಿ; ಗೇಮಿನ ಮೇಲೆ ದೂರು ಬಂದರೆ ನೆಪ ಹುಡುಕಿ ತೆಗೆ ಎನ್ನುವುದು ಅವನ ನೀತಿ.

ಒಂದು ಮಧ್ಯಾಹ್ನ ಆ ಸಂತೆಗೆ ಒಂದು ಅರ್ಜಿ ಬಂತು. ಇಂಗ್ಲಿಷಿನಲ್ಲಿದ್ದರೂ ನಮ್ಮ ಹೈಸ್ಕೂಲಿನ ರಜಾ ಅರ್ಜಿಯದೇ ಅಚ್ಚು: ಮಾನ್ಯರೇ, ವಿಷಯ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ. ಈ ಗೇಮ್ ಬಂದ ಮೇಲೆ ಗಿರಾಕಿಗಳು ಬೆರಳನ್ನೇ ಪಿಸ್ತೂಲು ಮಾಡಿ ನನ್ನತ್ತ ಹಿಡಿದು ನಗುತ್ತಾರೆ, ಹೆಂಡತಿ ಹೆದರಿ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದಾಳೆ, ದಯವಿಟ್ಟು ಆ ಭಾಗ ತೆಗೆಯಬೇಕು ಎಂದಿತ್ತು. ಹುಚ್ಚರ ಮುಂದೆ ಅರ್ಜಿ ಹಿಡಿದು ನಿಂತ ಈ ಮಹಾನುಭಾವ ಯಾರಪ್ಪ ಎಂದು ನಗುತ್ತಲೇ ಕೆಳಗೆ ಕಣ್ಣಾಡಿಸಿದೆ. ಎಲ್ಲರೂ ಸುಳ್ಳು ಹೆಸರಲ್ಲಿ ಅಡಗಿ ಕೂತ ಜಾಗದಲ್ಲಿ ಇವರು ‘ತಮ್ಮ ವಿಧೇಯ’ ಎಂದು ಪೂರ್ತಿ ಹೆಸರು, ವಿಳಾಸ, ಫೋನ್ ನಂಬರ್ ಹಾಕಿದ್ದರು. ನಾನು ಆಗಾಗ ಕಾಫಿಗೆ ನಿಲ್ಲುತ್ತಿದ್ದ ಗ್ಯಾಸ್ ಸ್ಟೇಷನ್ನಿನ ಮಾಲೀಕರು, ವಿಜಾಪುರದವರು.

ನಂಬರನ್ನಷ್ಟೇ ಅಳಿಸಿ ಪತ್ರ ಉಳಿಸಲು ಒಂದು ಬಟನ್ ಇತ್ತು. ನಾನು ಅದನ್ನು ಒತ್ತಲಿಲ್ಲ. ಇನ್ನೊಮ್ಮೆ ಕೆಲಸ ಹೋದೀತೆಂಬ ಹೆದರಿಕೆ. ಫೋನ್ ನಂಬರ್ ಹಾಕಬಾರದೆಂಬ ನಿಯಮದ ನೆಪ ಕೈಯಲ್ಲೇ ಇತ್ತು, ಇಡೀ ಪತ್ರ ತೆಗೆದೆ. ಅವರ ಇಂಗ್ಲಿಷನ್ನು ಆಡಿಕೊಂಡ ಉತ್ತರಗಳು ಯಾವ ನಿಯಮವನ್ನೂ ಮುರಿದಿರಲಿಲ್ಲ. ಅವು ಹಾಗೇ ಉಳಿದವು.

ಮರುವಾರ ಕಾಫಿಗೆ ಹೋದಾಗ ಅವರೇ ಮಾತು ತೆಗೆದರು.

‘ಆ ಗೇಮಿನವರಿಗೆ ಒಂದ್ ಅರ್ಜಿ ಬರ್ದಿದ್ದೆರೀ. ನಂಬರ್ ಹಾಕಿ ತಪ್ಪ್ ಮಾಡಿದೆ ನೋಡ್ರಿ, ಬೈಯಾಕ ಫೋನ್ ಬರಾಕ ಹತ್ತಿದ್ವು. ಅಷ್ಟ್ರಾಗ ಯಾರೋ ಅದನ್ನ ತಗದ್ ಬಿಟ್ರು. ಛಲೋ ಮನಷ್ಯಾ ಇರ್ಬೇಕು. ನಮಗ ತ್ರಾಸ ಆಗಬಾರ್ದಂತ ತಗದಾನ.’

‘ಇರಬೇಕು’ ಎಂದೆ. ಕ್ಯಾಶಿನ ಹಿಂದೆ ಅವರ ಹೆಂಡತಿ ಕೂರುತ್ತಿದ್ದ ಸ್ಟೂಲು ಖಾಲಿ ಇತ್ತು.

‘ನೀವು ಕಂಪ್ಯೂಟರ್‌ದವ್ರು. ಅಂವ ಎಲ್ಲ್ಯರ ಸಿಕ್ರ ಹೇಳ್ರಿ, ನಮ್ಮ ಮನ್ಯಾಕಿ ಅವನ ಸಲುವಾಗಿ ದಿನಾ ದುವಾ ಮಾಡ್ತಾಳಂತ.’

ಊರಿಗೆಲ್ಲ ಉಗಿಯುತ್ತಿದ್ದ ನನ್ನ ಬಾಯಿಂದ ನಿಜ ಹೊರಡಲಿಲ್ಲ. ‘ಸಿಕ್ಕಿದ್ರೆ ಹೇಳ್ತೀನಿ’ ಎಂದೆ.