ಮೇಣದಲ್ಲಿ ನಿಂತ ಕಡಗೋಲು

ಮಾದಿಹಳ್ಳಿಯ ಹೆಂಗಸರಿಗೆ ಅಲಂಕಾರದ ಮೇಣದಬತ್ತಿ ಮಾಡುವುದನ್ನು ಕಲಿಸಲು ಸರ್ಕಾರ ನನ್ನನ್ನು ಕಳಿಸಿತ್ತು. ಬುಡ್ಡಿಯ ಸೀಮೆಎಣ್ಣೆಗೂ ಪರದಾಡುವ ಊರಿಗೆ ಬೇಕಾಗಿದ್ದು ಅದೇ ನೋಡಿ!

ಕರಗಿಸಿದ ಮೇಣವನ್ನು ನೊರೆ ಬರುವ ಹಾಗೆ ಕಡೆದು ಮೇಣದಬತ್ತಿಯ ಮೈಗೆ ಮೆತ್ತಬೇಕು ಎಂದೆ. ನಿಂಗಮ್ಮ ಅತ್ತೆಯ ಕಡಗೋಲನ್ನೇ ತಂದು ಕಡೆದಳು. ಬಿಳಿ ನೊರೆ ಎದ್ದದ್ದೇ ತಡ, ಒಂದು ಚೊಂಬು ತಣ್ಣೀರು ಸುರಿದೇಬಿಟ್ಟಳು.

"ಅಯ್ಯೋ, ಯಾಕಮ್ಮಾ?"

"ತಣ್ಣೀರು ಬೀಳ್ದೆ ಬೆಣ್ಣೆ ಮ್ಯಾಕೆ ಬತ್ತೈತಾ, ಅಮ್ಮಾವ್ರೇ?"

ಮೇಣ ಕಡಗೋಲಿನ ಸಮೇತ ಗಡ್ಡೆ ಕಟ್ಟಿತು. ಅದೇ ಹೊತ್ತಿಗೆ ಜೀಪಿನಲ್ಲಿ ಬಂದ ನಮ್ಮ ಇಲಾಖೆಯ ಸಾಹೇಬರು, "ಇದೇನ್ರೀ?" ಎಂದರು.

"ಹಳೇಬೀಡಿನ ಕಂಬದ ಮಾದರಿ ಸಾರ್," ಎಂದೆ.

ಸಾಹೇಬರು ತಲೆದೂಗಿ ಅದನ್ನು ಪ್ರದರ್ಶನಕ್ಕೆ ಒಯ್ದರು. ಬಹುಮಾನವೂ ಬಂತು.

ಸುರುಳಿ ಸುತ್ತಿದ ಪ್ರಶಸ್ತಿಪತ್ರ ಕೊಡಲು ಹೋದರೆ, ನಿಂಗಮ್ಮನ ಅತ್ತೆ ಆ ಸುರುಳಿಯನ್ನು ಎರಡೂ ಅಂಗೈ ನಡುವೆ ತಿರುಗಿಸಿ ನೋಡಿ ಕೇಳಿದಳು: "ನಾಳಿಂದ ಮೊಸರು ಇದ್ರಲ್ಲೇ ಕಡೀಬೇಕಾ?"