ಏಳು ಎಂದಾಗ ಎದ್ದುಬಿಟ್ಟೆ

ಮುದ್ದೆಯನ್ನು ನಮ್ಮ ಕಡೆ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಚಿಕ್ಕಂದಿನಿಂದ ಬಂದ ಆ ವಿದ್ಯೆ ಹೋದ ವರ್ಷ ನನಗೆ ಮರೆತೇಹೋಯಿತು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಉಸಿರೇ ನಿಂತುಹೋಯಿತು. ಅತ್ತೆ ಬೆನ್ನಿಗೆ ಗುದ್ದಿದರು, ತುತ್ತು ಹೊರಗೆ ಬಿತ್ತು. ಬದುಕಿದೆ, ದೇವರು ದೊಡ್ಡವನು. ಆದರೆ ಅಂದಿನಿಂದ ಗಟ್ಟಿಯಾದದ್ದು ಏನು ಬಾಯಿಗಿಟ್ಟರೂ ಗಂಟಲು ಬಾಗಿಲು ಹಾಕಿಕೊಳ್ಳುತ್ತಿತ್ತು. ಗಂಜಿ, ಮಜ್ಜಿಗೆ, ಬೇಳೆಕಟ್ಟು, ಅಷ್ಟೇ. ಮೂರು ತಿಂಗಳಲ್ಲಿ ಬಳೆಗಳು ಮೊಣಕೈವರೆಗೂ ಜಾರತೊಡಗಿದವು. ಹೊಳಲ್ಕೆರೆ ಗಣಪನ ಗುಡಿಯಲ್ಲಿ ಕೊಟ್ಟ ಕೋಸಂಬರಿಯನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿಕೊಂಡೆ. ಪ್ರಸಾದವನ್ನೂ ನುಂಗಲಾರದವಳಾದೆನಲ್ಲ ಎಂದು ಬಸ್ಸಿನಲ್ಲಿ ಕಣ್ಣೀರು ಹಾಕಿದೆ.

ದಾವಣಗೆರೆಯ ಡಾಕ್ಟರು ಕೊಳವೆ ಇಳಿಸಿ ನೋಡಿ, ಗಂಟಲಲ್ಲಿ ದೋಷವೇನೂ ಇಲ್ಲ, ಕೂತಿರುವುದು ಭಯ ಎಂದರು. ದುರ್ಗದ ಒಬ್ಬ ಮನೋವೈದ್ಯೆಗೆ ಚೀಟಿ ಬರೆದುಕೊಟ್ಟರು. ಅವರು ಸಮ್ಮೋಹನ ಚಿಕಿತ್ಸೆ ಮಾಡುತ್ತಾರಂತೆ.

ಮನೆಗೆ ಬಂದು ಹೇಳಿದ್ದೇ ತಡ, ನಮ್ಮತ್ತೆ ಎದೆ ಹಿಡಿದುಕೊಂಡರು. "ವಶೀಕರಣನಾ? ನಿದ್ದಿ ಬರ್ಸಿ ಓಲೆ ಬಿಚ್ಕಂಡ್ರೆ ಏನ್ ಮಾಡ್ತಿಯವ್ವ?"

"ಹಂಗೆಲ್ಲ ಇಲ್ಲ ಕಣವ್ವ, ಅವ್ರೂ ಡಾಕ್ಟ್ರೇ" ಎಂದರು ನಮ್ಮ ಯಜಮಾನರು. ಅವರಿಗೆ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಕೆಲಸ. ಹೀಗೆಂದವರೇ ಹೊರಡುವ ದಿನ ನನ್ನ ಓಲೆ ಬಿಚ್ಚಿಸಿ ಬೀರುವಿನಲ್ಲಿಟ್ಟರು.

ಡಾಕ್ಟರಮ್ಮನಿಗೆ ನನ್ನ ಮಗಳಿಗಿಂತ ಸ್ವಲ್ಪ ಹೆಚ್ಚಿನ ವಯಸ್ಸು. ಹೆಂಗಸು ಎನ್ನುವುದೇ ಒಂದು ಸಮಾಧಾನ. ಮೊದಲ ದಿನ ಬರೀ ಮಾತು. ಏನಾಯಿತು, ಏನು ತಿನ್ನುತ್ತೀರಿ, ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಿ ಬರೆದುಕೊಂಡರು. ನಾನೂ ಕೇಳಬೇಕಾದ್ದನ್ನು ಕೇಳಿಬಿಟ್ಟೆ.

"ನನಗೆ ಎಚ್ಚರ ತಪ್ತತಾ?"

"ಇಲ್ಲಮ್ಮ. ನನ್ನ ಮಾತೂ ಕೇಳಿಸುತ್ತೆ, ಹೊರಗಿನ ಆಟೋ ಸದ್ದೂ ಕೇಳಿಸುತ್ತೆ. ಬೇಡ ಅನ್ನಿಸಿದ್ರೆ ಕಣ್ಣು ಬಿಟ್ಟು ಎದ್ದು ಹೋಗಬಹುದು. ನಿಮಗೆ ಇಷ್ಟ ಇಲ್ಲದ್ದನ್ನ ನಾನು ಮಾಡ್ಸೋಕಾಗಲ್ಲ. ಒಂದೇ ಸಲಕ್ಕೆ ವಾಸಿ ಆಗುತ್ತೆ ಅಂತಾನೂ ಹೇಳಲ್ಲ. ಎಲ್ಲರಿಗೂ ಒಂದೇ ಥರ ಫಲ ಸಿಗಲ್ಲ."

ಹೀಗೆ ನೇರವಾಗಿ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಮುಂದಿನ ವಾರ ಒರಗುವ ಕುರ್ಚಿಯಲ್ಲಿ ಕೂರಿಸಿದರು. ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿ, ಹತ್ತು ಮೆಟ್ಟಿಲು ಇಳಿಯುತ್ತಿದ್ದೀರಿ ಎಂದುಕೊಳ್ಳಿ ಎಂದರು. ದೀಪದ ಬತ್ತಿ ಹೊಸೆಯುತ್ತಾ ನಾಮ ಹೇಳಿಕೊಳ್ಳುವಾಗ ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದಲ್ಲ, ಮೈ ಹಾಗೇ ಹಗುರಾಯಿತು.

"ಹತ್ತು... ಒಂಬತ್ತು... ಎಂಟು... ಏಳು..."

ನಾನು ಎದ್ದು ನಿಂತೆ. ಸೆರಗನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

"ಯಾಕಮ್ಮ, ಏನಾಯ್ತು?"

"ಏಳು ಅಂದ್ರಲ್ಲ ಮೇಡಂ!"

ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಅದು ಎಂಟಾದ ಮೇಲಿನ ಏಳು ಕಣಮ್ಮ! ಎಬ್ಬಿಸೋದಾದ್ರೆ ನಿಮಗೆ ಏಳಿ ಅಂತೀನಿ, ಏಳು ಅಂತೀನಾ?" ನನಗೂ ನಗು ತಡೆಯಲಾಗಲಿಲ್ಲ. ನಗು ಕೇಳಿ ಯಜಮಾನರು ಬಾಗಿಲು ಸರಿಸಿ ಇಣುಕಿದರು.

ಮತ್ತೆ ಕುಳಿತ ಮೇಲೆ ಡಾಕ್ಟರಮ್ಮ ಮೆಲ್ಲಗೆ ಕೇಳಿದರು. "ಅವತ್ತು ತುತ್ತು ಸಿಕ್ಕಿಕೊಂಡಾಗ ಯಾರಾದ್ರೂ ಏಳು ಅಂದಿದ್ರಾ?"

ಅಂದಿದ್ದರು. ಹೊರಗೆ ಗ್ಯಾಸಿನ ಗಾಡಿ ಬಂದಿತ್ತು, ಅತ್ತೆ ಜಗಲಿಯಿಂದಲೇ "ಏಳು ಏಳು, ಸಿಲಿಂಡರ್ ಬಂತು" ಎಂದು ಕೂಗಿದ್ದರು. ಅವರ ತಪ್ಪಲ್ಲ, ಅವರಿಗೆ ಮಂಡಿ ನೋವು. ಬಾಯಲ್ಲಿದ್ದದ್ದನ್ನು ನುಂಗುತ್ತಲೇ ನಾನು ಎದ್ದಿದ್ದೆ. ಆ ದಿನವಷ್ಟೇ ಅಲ್ಲ. ಮದುವೆಯಾದಾಗಿನಿಂದ ನಾನು ಉಂಡದ್ದೆಲ್ಲ ಒಂದು ಮೊಣಕಾಲು ಎತ್ತಿಕೊಂಡೇ. ಇದನ್ನು ಹೇಳುವಾಗ ಯಾಕೋ ಕಣ್ಣೀರು ಬಂತು. ಅವರು ಅವಸರ ಮಾಡದೆ ಕಾದರು. ಆಮೇಲೆ, "ನಿಮಗೆ ಹತ್ತು ಮೆಟ್ಟಿಲು ಬೇಡ, ಆರು ಸಾಕು" ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. "ಏನಮ್ಮ, ವಶ ಆದ್ಯಾ?" ಎಂದು ಯಜಮಾನರು ಕೀಟಲೆ ಮಾಡಿದರು. "ಇಪ್ಪತ್ತೆಂಟು ವರ್ಷದಿಂದ ನಿಮಗೇ ಆಗಿಲ್ಲ, ಒಂದಿನಕ್ಕೆ ಅವ್ರಿಗೆ ಆಗ್ತೀನಾ?" ಎಂದೆ. ನಗುತ್ತಾ ನಗುತ್ತಾ ಅವರಿಗೆ ಮೊಣಕಾಲಿನ ಮಾತನ್ನೂ ಹೇಳಿಬಿಟ್ಟೆ. ಮನೆಗೆ ಬಂದ ಮೇಲೆ ಅವರು ಅದನ್ನೇ ಅವ್ವನಿಗೆ ಮೆಲ್ಲಗೆ ಹೇಳುತ್ತಿದ್ದುದು ನನಗೆ ಕೇಳಿಸಿತು.

ಒಟ್ಟು ಆರೇಳು ಸಲ ಹೋಗಿಬಂದೆ. ಆರರಿಂದ ಒಂದಕ್ಕೆ ಇಳಿದು, ಗಂಟಲು ಸಡಿಲವಾಗಿದೆ, ಯಾರೂ ಕರೆಯುತ್ತಿಲ್ಲ, ಸಮಯವಿದೆ ಎಂಬ ಮಾತನ್ನು ಒಳಗೆ ಬಿಟ್ಟುಕೊಳ್ಳಬೇಕು. ಮನೆಯಲ್ಲೂ ದಿನಾ ಹಾಗೇ ಮಾಡಬೇಕು. ನಾನು ಪೂಜೆಯಾದ ಮೇಲೆ ದೇವರ ಮುಂದೆಯೇ ಕೂರುತ್ತಿದ್ದೆ. ಮೊದಲು ಬಾಳೆಹಣ್ಣು ಇಳಿಯಿತು, ಆಮೇಲೆ ಮೆತ್ತನೆಯ ಅನ್ನ. ನಡುವೆ ಒಂದು ವಾರ ಎಲ್ಲ ಮೊದಲಿನಂತಾಗಿ ಮತ್ತೆ ಗಂಜಿಗೆ ಬಿದ್ದೆ. ಅದೂ ಆಗುತ್ತೆ, ಹೆದರಬೇಡಿ ಎಂದರು ಡಾಕ್ಟರಮ್ಮ. ಒಂದು ಮಂಗಳವಾರ ಗಣಪನ ಕೋಸಂಬರಿಯನ್ನು ಅಗಿದು ಅಗಿದು ನುಂಗಿದೆ. ಸೆರಗಿಗೆ ಗಂಟು ಹಾಕಲಿಲ್ಲ.

ಇನ್ನು ಮುದ್ದೆ. ಆ ಭಾನುವಾರ ಅತ್ತೆಯೇ ಕೋಲು ಹಿಡಿದು, ಮೆದುವಾಗಿ ತಿರುವಿ ಕಟ್ಟಿದರು. ಮೂವರೂ ಒಟ್ಟಿಗೇ ಕುಳಿತೆವು. ನಾನು ಕಣ್ಣು ಮುಚ್ಚಿ ಆರರಿಂದ ಇಳಿದು, ಕಡಲೆಕಾಳಿನಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟೆ. ಹೋಯಿತು. ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಅತ್ತೆ ನನ್ನ ಗಂಟಲನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಬೀದಿಯಲ್ಲಿ ಹಾರ್ನ್. "ಗ್ಯಾಸ್!"

ನನ್ನ ಮೊಣಕಾಲು ತಾನಾಗಿ ಮೇಲೆದ್ದಿತು.

"ಏ ಏ—" ಎಂದು ಶುರುಮಾಡಿದ ಅತ್ತೆ ತುಟಿ ಕಚ್ಚಿಕೊಂಡು ಮಗನ ಕಡೆ ತಿರುಗಿದರು. "ನೀನೇ ಏಳಪ್ಪ." ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಕೆಳಕ್ಕೊತ್ತಿದರು. "ನೀನು ಕುಂತ್ಕಳವ್ವ. ಸಾರು ಆರೋಗ್ತತೆ."

ಯಜಮಾನರು ಎಂಜಲು ಕೈಯಲ್ಲೇ ಎದ್ದು ಹೋದರು. ಹೊರಗೆ ಸಿಲಿಂಡರ್ ಉರುಳುವ ಸದ್ದು ಕೇಳುತ್ತಾ ನಾನು ಎರಡನೆಯ ತುತ್ತು ಮುರಿದೆ.